ಮೈಸೂರು ಶೈಲಿಯ ಚಿತ್ರ, ಜೊತೆಗೊಂದು ಗಂಜೀಫಾ ಎಲೆ: ಮನೆಯಲ್ಲಿ ಮಾಡುವುದು ಹೇಗೆ?

ನನಗೆ ಬರುವ ಪ್ರಶ್ನೆಗಳು ಹೆಚ್ಚುಕಮ್ಮಿ ಮೂರೇ. ಜೆಸ್ಸೊ, ಅಂದರೆ ಚಿನ್ನದ ಅಡಿಗೆ ಇಡುವ ಉಬ್ಬು, ಯಾಕೆ ಬಿರುಕು ಬಿಡುತ್ತದೆ? ಚಿನ್ನದ ರೇಕು ಯಾಕೆ ಎದ್ದು ಬರುತ್ತದೆ? ಒಂದು ಚಿತ್ರ ಮುಗಿಸಲು ಎಷ್ಟು ದಿನ ಬೇಕು? ಕೇಳುವವರು ಬೇರೆ ಬೇರೆ, ಎಡವುವ ಜಾಗ ಮಾತ್ರ ಒಂದೇ. ಹಾಗಾಗಿ ನಾನು ಹೇಗೆ ಕೆಲಸ ಮಾಡುತ್ತೇನೆ ಅನ್ನುವುದನ್ನು ಮೊದಲಿನಿಂದ ಕೊನೆಯವರೆಗೆ ಒಂದು ಸಲ ಬರೆದುಬಿಡುತ್ತೇನೆ.

ಹೆಚ್ಚಿನ ಚಿತ್ರಗಳು ಹಾಳಾಗುವುದು ಕೈ ಪಳಗಿಲ್ಲ ಅಂತಲ್ಲ. ಕೆಳಗಿನದು ಒಣಗುವ ಮೊದಲೇ ಮೇಲಿನದಕ್ಕೆ ಕೈ ಹಾಕುತ್ತೇವೆ, ಅದಕ್ಕೆ. 'ಸುಮ್ನೆ ಕಾಯಿರಿ' ಅಂದರೆ ಯಾರೂ ಕಾಯುವುದಿಲ್ಲ. ನಾನೂ ಕಾಯುತ್ತಿರಲಿಲ್ಲ. ಕೊನೆಗೆ ಕಂಡುಕೊಂಡ ದಾರಿ ಜೋಡಿ ಕೆಲಸ. ಮೇಜಿನ ಮೇಲೆ ಯಾವಾಗಲೂ ಎರಡು ಇರಬೇಕು. ಒಂದು ದೊಡ್ಡ ಚಿತ್ರ, ಇನ್ನೊಂದು ಅಂಗೈಯಗಲದ ಗಂಜೀಫಾ ಎಲೆ. ಪ್ರತಿ ಹಂತವನ್ನೂ ಮೊದಲು ಎಲೆಯ ಮೇಲೆ ಮಾಡಿ, ಕೆಟ್ಟರೆ ಅಲ್ಲೇ ಕೆಡಲಿ. ಸರಿ ಬಂದದ್ದನ್ನು ಚಿತ್ರದ ಮೇಲೆ ಮಾಡಿ. ಚಿತ್ರ ಒಣಗುತ್ತಿರುವಾಗ ಮತ್ತೆ ಎಲೆಗೆ ಬನ್ನಿ. ಕೈಗೂ ಕೆಲಸ ಸಿಗುತ್ತದೆ, ಚಿತ್ರಕ್ಕೂ ಒಣಗಲು ಸಮಯ ಸಿಗುತ್ತದೆ.

ಗಂಜೀಫಾ ಅಂದರೆ ಹಳೆಯ ಕಾಲದ ದುಂಡನೆಯ ಇಸ್ಪೀಟ್ ಎಲೆ. ದಶಾವತಾರ ಗಂಜೀಫಾದಲ್ಲಿ ಒಟ್ಟು 120 ಎಲೆ. ಒಂದೊಂದು ಅವತಾರಕ್ಕೆ 12: ರಾಜ, ಮಂತ್ರಿ, ಆಮೇಲೆ ಒಂದರಿಂದ ಹತ್ತರವರೆಗಿನ ಎಣಿಕೆಯ ಎಲೆಗಳು. ಮತ್ಸ್ಯಕ್ಕೆ ಮೀನು, ಕೂರ್ಮಕ್ಕೆ ಆಮೆ, ಪರಶುರಾಮನಿಗೆ ಕೊಡಲಿ, ಹೀಗೆ ಗುರುತುಗಳು. ನಮಗೆ 120 ಬೇಡ, ಒಂದು ಸಾಕು. ಎರಡು ಮಾಡಿದರೆ ಇನ್ನೂ ಒಳ್ಳೆಯದು.

ಮೈಸೂರು ಚಿತ್ರವನ್ನೂ ಗಂಜೀಫಾವನ್ನೂ ನಾನು ಸುಮ್ನೆ ಜೋಡಿ ಮಾಡಿಲ್ಲ. ಎರಡಕ್ಕೂ ಮುಮ್ಮಡಿ ಕೃಷ್ಣರಾಜ ಒಡೆಯರ ಆಸರೆ ಇತ್ತು. 1565ರ ರಕ್ಕಸತಂಗಡಿ ಯುದ್ಧದ ನಂತರ ವಿಜಯನಗರದ ಚಿತ್ರಕಾರರ ಮನೆತನಗಳು ಅಲ್ಲಲ್ಲಿ ಚದುರಿದವು. ಕೆಲವರು ಶ್ರೀರಂಗಪಟ್ಟಣಕ್ಕೆ ಬಂದು ಒಡೆಯರ ಆಶ್ರಯ ಪಡೆದರು. ಈ ಕಲೆ ಇವತ್ತು ನಾವು ನೋಡುವ ರೂಪಕ್ಕೆ ಬಂದದ್ದು ಮುಮ್ಮಡಿಯವರ ಕಾಲದಲ್ಲಿ, ಅಂದರೆ 19ನೇ ಶತಮಾನದಲ್ಲಿ. ದೇವತೆಗಳ ಮೈಬಣ್ಣ, ಆಯುಧ, ವಾಹನ, ಕೂರುವ ಭಂಗಿಗಳನ್ನೆಲ್ಲ ಒಂಬತ್ತು ನಿಧಿಗಳಾಗಿ ಸೇರಿಸಿ ಶ್ರೀತತ್ತ್ವನಿಧಿ ಅನ್ನುವ ಗ್ರಂಥವನ್ನು ಮಾಡಿಸಿದವರೂ ಅವರೇ. ಹೊಸ ಹೊಸ ಗಂಜೀಫಾ ಆಟಗಳನ್ನೂ ಕಟ್ಟಿದರು. ಮೈಸೂರಿಗೆ ಹೋದರೆ 1861ರ ಜಗನ್ಮೋಹನ ಅರಮನೆಯನ್ನು ನೋಡಿ. ಬೆಂಗಳೂರಿನವರು ಚಿತ್ರಕಲಾ ಪರಿಷತ್ತಿನ ಮೈಸೂರು ಚಿತ್ರಗಳ ಸಂಗ್ರಹ ನೋಡಿ. ಫೋನಿನಲ್ಲಿ ನೋಡಿದರೆ ಚಿನ್ನದ ಕೆಲಸ ಎಷ್ಟು ತೆಳು ಅನ್ನುವುದು ತಿಳಿಯುವುದೇ ಇಲ್ಲ. ಮುಖ್ಯವಾದದ್ದು ಅದೇ. ತಂಜಾವೂರು ಚಿತ್ರದಲ್ಲಿ ಉಬ್ಬು ದಪ್ಪ, ಗಾಜು ಮತ್ತು ಕಲ್ಲುಗಳನ್ನೂ ಕೂರಿಸುತ್ತಾರೆ. ಮೈಸೂರಿನದು ಬೆರಳಾಡಿಸಿದರೆ ಸಣ್ಣಗೆ ತಾಗುವಷ್ಟು ಮಾತ್ರ.

ಏನೇನು ಬೇಕು?

ಹಲಗೆ: 8×10 ಇಂಚಿನ, 6 ಮಿಲಿಮೀಟರ್ ದಪ್ಪದ ಪ್ಲೈವುಡ್ ಅಥವಾ ಎಂಡಿಎಫ್. ಮೊದಲ ಸಲಕ್ಕೆ ಇದಕ್ಕಿಂತ ದೊಡ್ಡದು ಬೇಡ.

ಕಾಗದ: ನುಣುಪಾದ, ದಪ್ಪನೆಯ ಜಲವರ್ಣದ ಹಾಳೆ. ಮೈ ತರಿತರಿಯಾಗಿರುವ ಹಾಳೆ ಬೇಡ, ಸಣ್ಣ ಗೆರೆ ಒಡೆದುಹೋಗುತ್ತದೆ. ಗಂಜೀಫಾ ಎಲೆಗೆ ಹಳೆಯ ಹತ್ತಿ ಪಂಚೆಯ ತುಂಡು ಮತ್ತು ತೆಳು ರಟ್ಟು.

ಅಂಟುಗಳು: ಹಲಗೆಗೆ ಕಾಗದ ಅಂಟಿಸಲು ಫೆವಿಕಾಲ್. ಜೆಸ್ಸೊ ಮತ್ತು ಚಿನ್ನಕ್ಕೆ ಜಾಲಿಗೋಂದು, ಅಂದರೆ ಅಂಗಡಿಯಲ್ಲಿ ಗಮ್ ಅರೇಬಿಕ್ ಅಂತ ಸಿಗುವ ಹರಳಿನಂಥ ಗೋಂದು. ಎಲೆಗೆ ಹುಣಸೆಬೀಜದ ಗಂಜಿ ಅಥವಾ ಮೈದಾ ಗಂಜಿ.

ಬಿಳಿ ಪುಡಿ: ಜಿಂಕ್ ಆಕ್ಸೈಡ್. ಹಳಬರು ಬಳಸುತ್ತಿದ್ದದ್ದು ಸಫೇದ, ಅಂದರೆ ಸೀಸದ ಬಿಳುಪು. ಅದು ವಿಷ. 'ಹಳೆಯ ಕ್ರಮದಲ್ಲೇ ಮಾಡಬೇಕು' ಅಂತ ಹಟ ಹಿಡಿದು ಅದನ್ನು ಹುಡುಕಿಕೊಂಡು ಹೋಗಬೇಡಿ.

ರೇವಲಚಿನ್ನಿ ಹಾಲು: ಉಪ್ಪಾಗೆ, ಪುನರ್ಪುಳಿಯ ಬಳಗಕ್ಕೆ ಸೇರಿದ ಮರಗಳಿಂದ ಬರುವ ಹಳದಿ ಅಂಟು. ಗಟ್ಟಿಯಾದ ತುಂಡಿನ ರೂಪದಲ್ಲಿ ಗ್ರಂಧಿಗೆ ಅಂಗಡಿಯಲ್ಲಿ ಸಿಕ್ಕರೆ ಸಿಕ್ಕಿತು. ಇದು ಹೊಟ್ಟೆಗೆ ಹೋದರೆ ಭೇದಿ ಗ್ಯಾರಂಟಿ, ಅದೂ ಜೋರಾಗಿ. ಸಿಗದಿದ್ದರೆ ಹಳದಿ ಪೋಸ್ಟರ್ ಬಣ್ಣ ಸಾಕು.

ಚಿನ್ನದ ರೇಕು: ಇದರ ಬಗ್ಗೆ ಮುಂದೆ ಹೇಳುತ್ತೇನೆ. ತಕ್ಷಣ ಕೊಳ್ಳಬೇಡಿ.

ಕುಂಚ: ದುಂಡು ತುದಿಯ 000, 0, 2 ಮತ್ತು 4 ನಂಬರಿನವು. ದುಡ್ಡು ಖರ್ಚು ಮಾಡುವುದಿದ್ದರೆ 0 ನಂಬರಿನದಕ್ಕೆ ಮಾಡಿ. ಜೆಸ್ಸೊಗೆ ಒಂದು ಹಳೆಯ ಕುಂಚವನ್ನು ಬೇರೆಯೇ ಇಡಿ, ಅದು ಬೇಗ ಕೆಟ್ಟುಹೋಗುತ್ತದೆ.

ಬಣ್ಣ: ಪೋಸ್ಟರ್ ಬಣ್ಣ ಅಥವಾ ಗುವಾಷ್. ಗುವಾಷ್ ಅಂದರೆ ಕೆಳಗಿನದು ಕಾಣದಂತೆ ಮುಚ್ಚುವ ಜಲವರ್ಣ. ಹಳೆಯ ಚಿತ್ರಗಳಲ್ಲಿ ದೀಪದ ಕಾಡಿಗೆ, ನೀಲಿ ಗಿಡದ ಬಣ್ಣ, ಕಾವಿ, ಇಂಗಲೀಕ, ಹರಿತಾಳ ಎಲ್ಲ ಇರುತ್ತಿದ್ದವು. ಇಂಗಲೀಕದಲ್ಲಿ ಪಾದರಸ ಇದೆ, ಹರಿತಾಳದಲ್ಲಿ ಆರ್ಸೆನಿಕ್ ಇದೆ. ಇವೆರಡರ ಪುಡಿಯನ್ನು ಮನೆಯಲ್ಲಿ ಅರೆಯುವುದು ಬೇಡವೇ ಬೇಡ.

ಮಿಕ್ಕಿದ್ದು ಮನೆಯಲ್ಲೇ ಇರುತ್ತದೆ: ಹತ್ತಿ, ಬೆಣ್ಣೆ ಕಾಗದ, ಚಿಮುಟ, ಸಣ್ಣ ಕಲ್ಬತ್ತು, ಒಂದು ನುಣುಪಾದ ಹೊಳೆಕಲ್ಲು. ಉಜ್ಜಲು ಅಗೇಟ್ ಕಲ್ಲಿನ ಉಪಕರಣ ಸಿಗುತ್ತದೆ. ಆದರೆ ನಾನು ಬಹಳ ವರ್ಷ ಹೊಳೆಯ ಕಲ್ಲಿನಲ್ಲೇ ಕಳೆದೆ.

1. ಹಲಗೆ ಮತ್ತು ಎಲೆ ಸಿದ್ಧ ಮಾಡುವುದು

ಹಲಗೆಯ ಮೈಯನ್ನು ಉಪ್ಪು ಕಾಗದದಿಂದ ತಿಕ್ಕಿ ಒರೆಸಿ. ಫೆವಿಕಾಲನ್ನು ಸ್ವಲ್ಪ ನೀರಿನಲ್ಲಿ ತೆಳು ಮಾಡಿ ಹಲಗೆಗೆ ಹಚ್ಚಿ. ಕಾಗದವನ್ನು ನಡುವಿನಿಂದ ಅಂಚಿನ ಕಡೆಗೆ ಒತ್ತುತ್ತಾ ಅಂಟಿಸಿ. ಗಾಳಿಗುಳ್ಳೆ ಉಳಿಯಬಾರದು.

ಈಗ ಎಲ್ಲರೂ ಮರೆಯುವ ಕೆಲಸ. ಹಲಗೆಯ ಹಿಂಬದಿಗೂ ಅಷ್ಟೇ ದೊಡ್ಡ ಕಾಗದ ಅಂಟಿಸಿ. ಒಂದೇ ಬದಿಗೆ ಅಂಟಿಸಿದರೆ ಕಾಗದ ಒಣಗುವಾಗ ಎಳೆಯುತ್ತದೆ, ಹಲಗೆ ಸುಟ್ಟ ಹಪ್ಪಳದ ಹಾಗೆ ಬಾಗುತ್ತದೆ. ಎರಡೂ ಬದಿಗೆ ಅಂಟಿಸಿದರೆ ಎಳೆತ ಸರಿಸಮವಾಗುತ್ತದೆ. ಮೇಲೆ ಭಾರ ಹೇರಿ ಒಂದು ರಾತ್ರಿ ಬಿಡಿ. ಮಳೆಗಾಲವಾದರೆ ಎರಡು ರಾತ್ರಿ.

ಎಲೆಗೆ: ರಟ್ಟಿನ ಎರಡೂ ಬದಿಗೆ ಬಟ್ಟೆಯನ್ನು ಗಂಜಿಯಿಂದ ಅಂಟಿಸಿ. ಗಂಜಿಗೆ ಹುಳ ಬೀಳದಂತೆ ಬೈಂಡಿಂಗ್ ಮಾಡುವವರು ಚಿಟಿಕೆ ಮೈಲುತುತ್ತ ಹಾಕುತ್ತಾರೆ. ನೀವೂ ಹಾಕಬಹುದು. ಆದರೆ ಅದು ವಿಷ, ಅಡುಗೆ ಪಾತ್ರೆಯಲ್ಲಿ ಮಾಡಬೇಡಿ, ಮಕ್ಕಳ ಕೈಗೆ ಕೊಡುವ ಎಲೆಗೆ ಹಾಕಲೇಬೇಡಿ. ಪೂರ್ತಿ ಒಣಗಿದ ಮೇಲೆ ಬಳೆಯೊಂದನ್ನು ಇಟ್ಟು ಸುತ್ತ ಗೆರೆ ಎಳೆದು ಕತ್ತರಿಸಿ. ಒದ್ದೆಯಿದ್ದಾಗ ಕತ್ತರಿಸಿದರೆ ಅಂಚು ಬಿಚ್ಚಿಕೊಳ್ಳುತ್ತದೆ.

ಕೊನೆಗೆ ಎರಡಕ್ಕೂ ಮೇಲ್ಮೈ ಲೇಪ. ಜಿಂಕ್ ಪುಡಿ, ಗೋಂದಿನ ನೀರು (ಮಾಡುವ ಬಗೆ 3ನೇ ಹಂತದಲ್ಲಿದೆ), ಚಿಟಿಕೆ ಹಳದಿ ಕಾವಿ ಸೇರಿಸಿ ತೆಳ್ಳಗೆ ಎರಡು ಸಲ ಬಳಿಯಿರಿ. ಮೊದಲನೆಯದು ಅಡ್ಡಡ್ಡ, ಅದು ಒಣಗಿದ ಮೇಲೆ ಎರಡನೆಯದು ಉದ್ದುದ್ದ. ಒಣಗಿದ ನಂತರ ಬೆಣ್ಣೆ ಕಾಗದ ಇಟ್ಟು ಕಲ್ಲಿನಿಂದ ಉಜ್ಜಿ. ಮುಟ್ಟಿದರೆ ಮೊಟ್ಟೆ ಚಿಪ್ಪಿನ ಹಾಗೆ ಇರಬೇಕು.

2. ಗೆರೆ

ಮೊದಲ ಚಿತ್ರಕ್ಕೆ ಆಲದೆಲೆಯ ಮೇಲೆ ಮಲಗಿದ ಕೃಷ್ಣನನ್ನು ಆರಿಸಿಕೊಳ್ಳಿ. ಒಂದೇ ಆಕೃತಿ, ಒಡವೆ ಕಡಿಮೆ, ಹಿನ್ನೆಲೆ ಸರಳ. ದರ್ಬಾರು, ದಸರಾ ಮೆರವಣಿಗೆ, ರಾಮಪಟ್ಟಾಭಿಷೇಕ ಇವೆಲ್ಲ ಆಮೇಲೆ. ಪಟ್ಟಾಭಿಷೇಕದಿಂದ ಶುರು ಮಾಡಿ ಹನುಮಂತನವರೆಗೆ ಬರುವಷ್ಟರಲ್ಲಿ ಕೈಬಿಟ್ಟವರನ್ನು ತುಂಬಾ ಜನ ನೋಡಿದ್ದೇನೆ. ಎಲೆಗೆ ಒಂದು ಮೀನು ಅಥವಾ ಆಮೆ, ಸುತ್ತ ಒಂದು ಅಂಚುಪಟ್ಟಿ ಸಾಕು.

ಹಿಂದೆ ಹುಣಸೆಯ ನೆಟ್ಟನೆ ಕಡ್ಡಿಗಳನ್ನು ಸುಟ್ಟು ಇದ್ದಿಲು ಮಾಡಿ ಅದರಲ್ಲಿ ಮೊದಲ ಗೆರೆ ಹಾಕುತ್ತಿದ್ದರು. ಅದರ ಲಾಭ ಏನೆಂದರೆ ಬಟ್ಟೆಯಿಂದ ತಟ್ಟಿದರೆ ಅಳಿಸಿಹೋಗುತ್ತದೆ. ನೀವು ಬೇರೆ ಹಾಳೆಯಲ್ಲಿ ಚಿತ್ರ ಬರೆದು, ತಿದ್ದಿ, ಆಮೇಲೆ ಹಲಗೆಗೆ ಇಳಿಸಿಕೊಳ್ಳಿ. ಟ್ರೇಸಿಂಗ್ ಹಾಳೆಯ ಹಿಂಬದಿಗೆ 2ಬಿ ಪೆನ್ಸಿಲ್ ಸವರಿ, ಮುಂದಿನಿಂದ ಗಟ್ಟಿ ಪೆನ್ಸಿಲ್‌ನಲ್ಲಿ ಗೆರೆಯ ಮೇಲೆ ಗೆರೆ ಎಳೆಯಿರಿ.

ಎಚ್ಚರ: ನೀಲಿ ಕಾರ್ಬನ್ ಹಾಳೆ ಬಳಸಬೇಡಿ. ಅದರಲ್ಲಿ ಜಿಡ್ಡು ಇರುತ್ತದೆ. ಅದರ ಮೇಲೆ ಬಣ್ಣ ಕೂರುವುದಿಲ್ಲ, ತಿಳಿ ಬಣ್ಣದ ಅಡಿಯಿಂದ ನೀಲಿ ಗೆರೆ ಮತ್ತೆ ಇಣುಕುತ್ತದೆ.

ಇಲ್ಲೊಂದು ನಿರ್ಧಾರ ಆಗಬೇಕು. ಚಿನ್ನ ಎಲ್ಲಿ ಬರುತ್ತದೆ? ಕಿರೀಟ, ಹಾರ, ಬಳೆ, ಗೆಜ್ಜೆ, ಬಟ್ಟೆಯ ಅಂಚು, ಮೇಲಿನ ಕಮಾನು. ಈ ಜಾಗಗಳಿಗೆ ಪೆನ್ಸಿಲ್‌ನಲ್ಲಿ ಚುಕ್ಕೆ ಇಟ್ಟುಕೊಳ್ಳಿ. ಆಮೇಲೆ ಜಾಸ್ತಿ ಮಾಡುವ ಆಸೆ ಬರುತ್ತದೆ. ಬಂದೇ ಬರುತ್ತದೆ. ಚುಕ್ಕೆ ಇಲ್ಲದ ಕಡೆ ಚಿನ್ನ ಇಲ್ಲ ಅಂತ ಈಗಲೇ ಮನಸ್ಸು ಗಟ್ಟಿ ಮಾಡಿಕೊಳ್ಳಿ.

3. ಜೆಸ್ಸೊ, ಅಂದರೆ ಉಬ್ಬು ಕೆಲಸ

ಜೆಸ್ಸೊ ಅಂದರೆ ಬಿಳಿ ಪುಡಿ ಮತ್ತು ಅಂಟಿನ ಲೇಹ್ಯ. ಇದನ್ನು ಗೆರೆಯಾಗಿ, ಚುಕ್ಕೆಯಾಗಿ ಇಟ್ಟು, ಒಣಗಿದ ಮೇಲೆ ಅದರ ಮೇಲೆ ಚಿನ್ನ ಹೊದಿಸುತ್ತಾರೆ.

ಹಳೆಯ ಕ್ರಮದಲ್ಲಿ ಬಣ್ಣ ಮೊದಲು, ಉಬ್ಬು ಮತ್ತು ಚಿನ್ನ ಆಮೇಲೆ. ಇವತ್ತು ಕಲಿಸುವವರಲ್ಲಿ ಹಲವರು ಜೆಸ್ಸೊ ಮತ್ತು ಚಿನ್ನವನ್ನು ಮೊದಲು ಮುಗಿಸುತ್ತಾರೆ. ಹೊಸಬರಿಗೆ ನಾನು ಹೇಳುವುದೂ ಅದನ್ನೇ. ಚಿನ್ನ ಅತ್ತಿತ್ತ ಅಂಟಿದರೆ ಮೇಲೆ ಬಣ್ಣ ಬಳಿದು ಮುಚ್ಚಬಹುದು. ಬಣ್ಣದ ಮೇಲೆ ಬೇಡದ ಚಿನ್ನ ಅಂಟಿತು ಅಂದರೆ, ಅದನ್ನು ಕೆರೆಯುವಾಗ ಬಣ್ಣವೂ ಬರುತ್ತದೆ.

ಹಿಂದಿನ ರಾತ್ರಿ ಒಂದು ಭಾಗ ಜಾಲಿಗೋಂದನ್ನು ಎರಡು ಭಾಗ ನೀರಿನಲ್ಲಿ ನೆನೆಹಾಕಿ. ಬೆಳಿಗ್ಗೆ ತೆಳು ಬಟ್ಟೆಯಲ್ಲಿ ಸೋಸಿ. ಕಸ, ತೊಗಟೆ ಚೂರು ಇದ್ದೇ ಇರುತ್ತದೆ. ಸೋಸದೆ ಬಳಸಿದರೆ ಒಳ್ಳೆಯ ಗೆರೆಯ ನಡುವೆ ಒಂದು ಕಪ್ಪು ಕಣ ಕೂತುಬಿಡುತ್ತದೆ.

ಕಲ್ಬತ್ತಿನಲ್ಲಿ ಎರಡು ಚಮಚ ಜಿಂಕ್ ಪುಡಿ ಹಾಕಿ. ಗೋಂದಿನ ನೀರನ್ನು ಸ್ವಲ್ಪ ಸ್ವಲ್ಪವೇ ಸೇರಿಸಿ ಅರೆಯಿರಿ. ಪುಡಿ ಹಾರುತ್ತದೆ, ಮೂಗಿಗೆ ಮಾಸ್ಕ್ ಇರಲಿ. ಅಕ್ಕಿ ಕಾಳಿನಷ್ಟು ರೇವಲಚಿನ್ನಿಯನ್ನು ನೀರಿನಲ್ಲಿ ತೇದು ಸೇರಿಸಿ, ಇಲ್ಲವೇ ಹಳದಿ ಬಣ್ಣ ಹಾಕಿ. ಹಳದಿ ಯಾಕೆ? ರೇಕಿನಲ್ಲಿ ಸಣ್ಣ ತೂತು ಉಳಿದರೂ ಕೆಳಗಿನಿಂದ ಬಿಳಿ ಹೊಡೆದು ಕಾಣುವುದಿಲ್ಲ. ಕೊನೆಗೆ ಒಂದು ಹನಿ ಗ್ಲಿಸರಿನ್. ಕೆಲವರು ಜೇನು ಹಾಕುತ್ತಾರೆ. ನಾನೂ ಒಮ್ಮೆ ಹಾಕಿದ್ದೆ. ಬೆಳಗಾಗುವಷ್ಟರಲ್ಲಿ ಲಕ್ಷ್ಮಿಯ ಕಿರೀಟದ ಮೇಲೆ ಇರುವೆ ಸಾಲು.

ಹದ ಹೇಗೆ ಗೊತ್ತಾಗುವುದು? ನೀರುದೋಸೆ ಹಿಟ್ಟಿಗಿಂತ ಗಟ್ಟಿ, ಸೆಟ್ ದೋಸೆ ಹಿಟ್ಟಿಗಿಂತ ತೆಳು. ಗಂಜೀಫಾ ಎಲೆಯ ಅಂಚಿನಲ್ಲಿ ಒಂದು ಚುಕ್ಕೆ ಇಟ್ಟು ನೋಡಿ. ಹರಡಿ ಚಪ್ಪಟೆಯಾದರೆ ನೀರು ಜಾಸ್ತಿ. ಕುಂಚ ಎತ್ತುವಾಗ ಬಾಲ ಎಳೆದರೆ ಗಟ್ಟಿ ಜಾಸ್ತಿ. ದುಂಡಗೆ ಸಾಸಿವೆ ಕಾಳಿನ ಹಾಗೆ ನಿಂತರೆ ಸರಿ.

ಇಡುವಾಗ ಕುಂಚದಿಂದ ಬಳಿಯಬಾರದು, ಇಳಿಬಿಡಬೇಕು. ತುದಿಯಲ್ಲಿ ಒಂದು ತೊಟ್ಟು ತೆಗೆದುಕೊಂಡು, ಆ ತೊಟ್ಟನ್ನು ಗೆರೆಯ ಮೇಲೆ ಎಳೆದುಕೊಂಡು ಹೋಗಿ. ಕುಂಚದ ಕೂದಲು ಹಲಗೆಗೆ ತಾಗಿಯೂ ತಾಗದ ಹಾಗಿರಬೇಕು. ರಂಗೋಲಿ ಎಳೆ ಬಿಡುವವರಿಗೆ ಈ ಲೆಕ್ಕ ಬೇಗ ಕೈಗೆ ಬರುತ್ತದೆ, ಅಲ್ಲೂ ಬೆರಳು ನೆಲಕ್ಕೆ ತಾಗುವುದಿಲ್ಲ ಅಲ್ವಾ? ಎಲೆಯ ಅಂಚುಪಟ್ಟಿಯಲ್ಲಿ ಕನಿಷ್ಠ ಐವತ್ತು ಚುಕ್ಕೆ ಇಟ್ಟ ಮೇಲೆ ಚಿತ್ರದ ಕಡೆ ತಿರುಗಿ.

ಈಗ ಬಿರುಕಿನ ಪ್ರಶ್ನೆ. ಕಾರಣ ಸಾಮಾನ್ಯವಾಗಿ ಈ ಮೂರರಲ್ಲಿ ಒಂದು. ಒಂದೇ ಸಲಕ್ಕೆ ದಪ್ಪ ಇಟ್ಟಿರುತ್ತೀರಿ. ಗೋಂದು ಜಾಸ್ತಿಯಾಗಿರುತ್ತದೆ, ಗೋಂದು ಒಣಗಿದಾಗ ಗಾಜಿನ ಹಾಗೆ ಪೆಡಸು. ಇಲ್ಲವೇ ಬೇಗ ಒಣಗಲಿ ಅಂತ ಬಿಸಿಲಿಗೋ ಫ್ಯಾನಿನ ಕೆಳಗೋ ಇಟ್ಟಿರುತ್ತೀರಿ. ಮೇಲ್ಪದರ ಮೊದಲು ಒಣಗಿ ಕುಗ್ಗುತ್ತದೆ, ಒಳಗೆ ಇನ್ನೂ ಒದ್ದೆ. ಎತ್ತರ ಬೇಕಿದ್ದರೆ ತೆಳುವಾಗಿ ಎರಡು ಸಲ ಇಡಿ, ನೆರಳಿನಲ್ಲಿ ಒಣಗಿಸಿ. ಕೂದಲೆಳೆಯಂಥ ಬಿರುಕಾದರೆ ನೀರಾದ ಜೆಸ್ಸೊ ತುಂಬಿ ಮುಚ್ಚಬಹುದು. ಚಕ್ಕೆ ಏಳುತ್ತಿದ್ದರೆ ಒದ್ದೆ ಕುಂಚದಿಂದ ನೆನೆಸಿ ತೆಗೆದು ಹೊಸದಾಗಿ ಇಡಿ. ಅದರ ಮೇಲೆ ಚಿನ್ನ ಹಾಕಿದರೆ ಚಿನ್ನವೂ ಅದರ ಜೊತೆಗೇ ಉದುರುತ್ತದೆ.

ಒಂದು ಪೂರ್ತಿ ದಿನ ಒಣಗಲು ಬಿಡಿ. ಈ ದಿನ ಎಲೆಯ ಹಿಂಬದಿಗೆ ಕೆಂಪು ಬಳಿಯುವ ಕೆಲಸ ಮಾಡಿಕೊಳ್ಳಿ. ಹಿಂಬದಿ ಎಲ್ಲ ಎಲೆಗೂ ಒಂದೇ ಬಣ್ಣ ಇರಬೇಕು, ಇಲ್ಲದಿದ್ದರೆ ಎದುರಿನವನಿಗೆ ನಿಮ್ಮ ಎಲೆ ಗೊತ್ತಾಗಿಬಿಡುತ್ತದೆ!

4. ಚಿನ್ನದ ರೇಕು

ರೇಕು ಅಂದರೆ ಬಡಿದು ಬಡಿದು ತೆಳು ಮಾಡಿದ ಹಾಳೆ. ಎಷ್ಟು ತೆಳು? ಸುಮಾರಾಗಿ ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಪಾಲು. ಬೆರಳಲ್ಲಿ ಮುಟ್ಟಿದರೆ ಬೆರಳಿಗೇ ಅಂಟಿ ಮಾಯವಾಗುತ್ತದೆ.

ಅಂಗಡಿಯಲ್ಲಿ ಎರಡು ಬಗೆ ಸಿಗುತ್ತದೆ. ಬಿಡಿ ರೇಕು ಸುಮ್ನೆ ಹಾಳೆಗಳ ನಡುವೆ ಇರುತ್ತದೆ, ಉಸಿರು ತಾಗಿದರೂ ಹಾರುತ್ತದೆ. ಇನ್ನೊಂದು ತೆಳು ಕಾಗದಕ್ಕೆ ಒತ್ತಿಟ್ಟದ್ದು, ಟ್ರಾನ್ಸ್‌ಫರ್ ಅಂತ ಕೇಳಿ. ಹೊಸಬರು ಎರಡನೆಯದನ್ನೇ ತೆಗೆದುಕೊಳ್ಳಿ. ಸಾಮಾನ್ಯವಾಗಿ ಒಂದು ಪುಸ್ತಕದಲ್ಲಿ 25 ಹಾಳೆ ಇರುತ್ತದೆ. ನಮ್ಮ ಚಿತ್ರಕ್ಕೆ ಅಷ್ಟು ಖರ್ಚಾಗುವುದಿಲ್ಲ.

ನಕಲಿ ರೇಕು ಆಗುತ್ತದಾ ಅಂತ ಕೇಳುತ್ತೀರಿ. ಅದು ಹಿತ್ತಾಳೆ. ಒಳಗಿನ ತಾಮ್ರ ಗಾಳಿಗೆ ಕಪ್ಪಾಗುತ್ತದೆ, ಹಸಿರೂ ಆಗಬಹುದು. ಎಲೆಯ ಮೇಲೆ, ಅಭ್ಯಾಸಕ್ಕೆ ಧಾರಾಳವಾಗಿ ಬಳಸಿ. ಚಿತ್ರಕ್ಕೆ ಬೇಡ. ಹದಿನೈದು ದಿನದ ಕೈಕೆಲಸದ ಮೇಲೆ ಹಿತ್ತಾಳೆ ಹಾಕುವುದು ನನಗಂತೂ ಒಪ್ಪುವುದಿಲ್ಲ. ಆದರೆ ಅಸಲಿ ರೇಕನ್ನು ಜೆಸ್ಸೊ ಸರಿಯಾಗಿ ಬಂದ ಮೇಲೆ ಮಾತ್ರ ಕೊಳ್ಳಿ. ಮೊದಲೇ ಕೊಂಡಿಟ್ಟರೆ ಅದರ ಆಸೆಗೆ ಕೆಲಸದಲ್ಲಿ ಅವಸರ ಶುರುವಾಗುತ್ತದೆ.

ಬೆಳಿಗ್ಗೆ ಬೇಗ ಕೂರಿ. ಹಳಬರೂ ಚಿನ್ನದ ಕೆಲಸವನ್ನು ಬೆಳಗಿನ ಹೊತ್ತೇ ಮಾಡುತ್ತಿದ್ದರು. ಅಂಟು ತೇವವಾಗಿದ್ದರೆ ತಾನೇ ರೇಕು ಹಿಡಿಯುವುದು? ಬಿಸಿಲೇರಿದ ಮೇಲೆ ಅಂಟು ಕಣ್ಣೆದುರೇ ಒಣಗುತ್ತದೆ. ಫ್ಯಾನ್ ಆರಿಸಿ, ಕಿಟಕಿ ಹಾಕಿ. ಮನೆಯವರಿಗೆ ಹೇಳಿಡಿ, ಯಾರಾದರೂ ಬಾಗಿಲು ತಳ್ಳಿ ಒಳಗೆ ಬಂದರೂ ರೇಕು ಹಾರುತ್ತದೆ. ಕೈಗೆ ಟಾಲ್ಕಂ ಪೌಡರ್ ಸವರಿ ಒರೆಸಿಕೊಳ್ಳಿ.

ಆಮೇಲೆ ಕ್ರಮ ಹೀಗೆ:

ರೇಕನ್ನು ಎರಡು ಕಾಗದದ ನಡುವೆ ಇಟ್ಟುಕೊಂಡೇ ಹರಿತ ಕತ್ತರಿಯಲ್ಲಿ ತುಂಡು ಮಾಡಿ. ಜೆಸ್ಸೊಗಿಂತ ಸ್ವಲ್ಪ ದೊಡ್ಡದಿರಲಿ.

ಅಂಗೈಯಷ್ಟು ಜಾಗ ಮಾತ್ರ ಆರಿಸಿಕೊಳ್ಳಿ, ಉದಾಹರಣೆಗೆ ಕಿರೀಟ. ಜೆಸ್ಸೊ ಮೇಲೆ ಹಳದಿ ಸೇರಿಸಿದ ಗೋಂದಿನ ನೀರನ್ನು ತೆಳುವಾಗಿ ಸವರಿ.

ತಕ್ಷಣ ರೇಕು ಇಡಬೇಡಿ. ಹೊಳಪು ಸ್ವಲ್ಪ ಇಳಿದು, ಬೆರಳ ಹಿಂಬದಿ ತಾಗಿಸಿದರೆ ಜಿಗುಟು ಅನ್ನಿಸಬೇಕು, ಬೆರಳಿಗೆ ಅಂಟು ಬರಬಾರದು. ಈ ಹದಕ್ಕೆ ಇಷ್ಟೇ ನಿಮಿಷ ಅಂತ ಹೇಳಲಾಗುವುದಿಲ್ಲ. ಮಂಗಳೂರಿನ ಜುಲೈ ಬೇರೆ, ಕಲಬುರಗಿಯ ಏಪ್ರಿಲ್ ಬೇರೆ. ಇಲ್ಲಿಯೂ ಮೊದಲು ಗಂಜೀಫಾ ಎಲೆಯ ಮೇಲೆ ನೋಡಿ, ಗಡಿಯಾರ ಇಟ್ಟು ಲೆಕ್ಕ ಬರೆದುಕೊಳ್ಳಿ.

ರೇಕು ಇಟ್ಟು, ಮೇಲೆ ಬೆಣ್ಣೆ ಕಾಗದ ಇಟ್ಟು ಹತ್ತಿಯಿಂದ ಮೆಲ್ಲಗೆ ಒತ್ತಿ. ತಿಕ್ಕಬೇಡಿ. ಉಬ್ಬಿನ ಪಕ್ಕದ ಸಂದಿಗಳಿಗೆ ಒಣ ಕುಂಚದ ತುದಿಯಿಂದ ತಟ್ಟಿ.

ಮಾರನೆಯ ದಿನ ಮೃದುವಾದ ಒಣ ಕುಂಚದಿಂದ ಹೆಚ್ಚಿನ ರೇಕನ್ನು ಗುಡಿಸಿ. ಆ ಚೂರುಗಳನ್ನು ಬೆಂಕಿಪೊಟ್ಟಣದಲ್ಲಿ ಇಟ್ಟುಕೊಳ್ಳಿ, ತೂತು ಮುಚ್ಚಲು ಬೇಕಾಗುತ್ತದೆ.

ರೇಕು ಎದ್ದು ಬರುವುದಕ್ಕೆ ಕಾರಣ ಇಷ್ಟರಲ್ಲೇ ಇದೆ. ಅಂಟು ಪೂರ್ತಿ ಒಣಗಿದ ಮೇಲೆ ಇಟ್ಟರೆ ಹಿಡಿಯುವುದಿಲ್ಲ. ಹಸಿಯಾಗಿದ್ದಾಗ ಇಟ್ಟರೆ ಮುಳುಗಿ ಮಂಕಾಗುತ್ತದೆ. ಕೈ ಜಿಡ್ಡಾಗಿದ್ದು ಜೆಸ್ಸೊ ಮುಟ್ಟಿದ್ದರೆ ಆ ಬೆರಳಿನ ಗುರುತಿನಲ್ಲೇ ಏಳುತ್ತದೆ. ಸ್ವಲ್ಪ ಜಾಗದಲ್ಲಿ ಅಂಟು ಒಣಗಿಬಿಟ್ಟಿದೆ ಅನ್ನಿಸಿದರೆ ಹತ್ತಿರ ಬಾಗಿ ಬಾಯಿಂದ ಬಿಸಿ ಉಸಿರು ಬಿಡಿ. ಊದುವುದಲ್ಲ, ಕನ್ನಡಕ ಒರೆಸುವಾಗ 'ಹಾ' ಅಂತೀವಲ್ಲ, ಹಾಗೆ. ಗೋಂದು ಮತ್ತೆ ಜಿಗುಟಾಗುತ್ತದೆ.

ಎರಡು ದಿನ ಬಿಟ್ಟು, ತೆಳು ಕಾಗದ ಇಟ್ಟು ಕಲ್ಲಿನಿಂದ ಉಜ್ಜಿ. ಭಾರ ಹಾಕಬೇಡಿ, ತೆಳು ಉಬ್ಬು ಜಜ್ಜಿಹೋಗುತ್ತದೆ. ಕಾಗದ ಎತ್ತಿದಾಗ ಹೊಳೆಯುವುದನ್ನು ನೋಡಿ ಇನ್ನೂ ಸ್ವಲ್ಪ ಉಜ್ಜೋಣ ಅನ್ನಿಸುತ್ತದೆ. ಸಾಕು, ಬಿಡಿ.

5. ಬಣ್ಣ

ದೂರದ್ದು ಮೊದಲು, ಹತ್ತಿರದ್ದು ಆಮೇಲೆ. ಆಕಾಶ, ನೀರು, ಆಲದೆಲೆ, ಬಟ್ಟೆ, ಮೈ, ಕೊನೆಗೆ ಮುಖ. ಪೋಸ್ಟರ್ ಬಣ್ಣವನ್ನು ಹಾಲಿನಷ್ಟು ತೆಳು ಮಾಡಿಕೊಂಡು ಎರಡು ಮೂರು ಪದರ ಬಳಿಯಿರಿ. ಒಂದೇ ಸಲ ದಪ್ಪ ಬಳಿದರೆ ಕುಂಚದ ಗೆರೆಗಳು ನಿಲ್ಲುತ್ತವೆ.

ಬಣ್ಣ ಒಣಗಿದ ಮೇಲೆ ಎಲೆಯ ಮೇಲೆ ಬೆರಳಿಂದ ಉಜ್ಜಿ ನೋಡಿ. ಬೆರಳಿಗೆ ಬಂದರೆ ಅಂಟು ಕಡಿಮೆ, ಎರಡು ಹನಿ ಗೋಂದಿನ ನೀರು ಸೇರಿಸಿ. ಮಿರಮಿರ ಹೊಳೆದು ಸೀಳುತ್ತಿದ್ದರೆ ಅಂಟು ಜಾಸ್ತಿ.

ಚಿನ್ನದ ಪಕ್ಕ ಬಳಿಯುವಾಗ ಕುಂಚದಲ್ಲಿ ನೀರು ಕಡಿಮೆ ಇರಲಿ. ಒದ್ದೆ ಬಣ್ಣ ಜೆಸ್ಸೊ ಅಡಿಗೆ ಹೋದರೆ ಗೋಂದು ಕರಗಿ ಉಬ್ಬೇ ಜಾರುತ್ತದೆ. ಬಣ್ಣವನ್ನು ಚಿನ್ನದ ಅಂಚಿಗೆ ಕೂದಲೆಳೆಯಷ್ಟು ದೂರದಲ್ಲಿ ನಿಲ್ಲಿಸಿ, ಆ ಸಂದನ್ನು ಕೊನೆಯಲ್ಲಿ ಗೆರೆಯಿಂದ ಮುಚ್ಚಿ.

ಕುಂಚದ ತುದಿ ಚೂಪು ಮಾಡಲು ಬಾಯಿಗೆ ಹಾಕುವ ಅಭ್ಯಾಸ ತುಂಬಾ ಜನಕ್ಕಿದೆ. ಬಿಟ್ಟುಬಿಡಿ. ರೇವಲಚಿನ್ನಿ ಬಗ್ಗೆ ಆಗಲೇ ಹೇಳಿದ್ದೀನಿ.

6. ಮುಖ ಮತ್ತು ಕೊನೆಯ ಗೆರೆ

ಮೈಸೂರು ಚಿತ್ರದ ಬೆಲೆ ತಿಳಿದವರು ಮೊದಲು ಮುಖ ನೋಡುತ್ತಾರೆ, ಚಿನ್ನ ಆಮೇಲೆ. ಹೊಸಬರು ಇದನ್ನು ಉಲ್ಟಾ ಮಾಡುತ್ತಾರೆ. ವಾರಗಟ್ಟಲೆ ಚಿನ್ನಕ್ಕೆ, ಅರ್ಧ ಗಂಟೆ ಮುಖಕ್ಕೆ.

ಮುಖದ ಬಣ್ಣ ಒಣಗಿದ ಮೇಲೆ ಅದಕ್ಕಿಂತ ಸ್ವಲ್ಪ ಗಾಢ ಬಣ್ಣವನ್ನು ನೀರು ನೀರಾಗಿ ಮಾಡಿ ಕೆನ್ನೆಯ ಅಂಚು, ಕತ್ತಿನ ಕೆಳಗೆ, ರೆಪ್ಪೆಯ ಮೇಲೆ ಸವರಿ. ಒಂದು ಸಲಕ್ಕೆ ಏನೂ ಕಾಣುವುದಿಲ್ಲ. ನಾಲ್ಕೈದು ಸಲ ಸವರಿದಾಗ ಮುಖ ದುಂಡಗಾಗುತ್ತದೆ. ಗೆರೆಗೆ ಅಚ್ಚ ಕಪ್ಪು ಬೇಡ, ಕಪ್ಪಿಗೆ ಕಾವಿ ಬೆರೆಸಿ ಕಂದು ಮಾಡಿಕೊಳ್ಳಿ. ಅಚ್ಚ ಕಪ್ಪು ಕಣ್ಣಿನ ಗುಡ್ಡೆಗೆ, ಕೂದಲಿಗೆ ಮಾತ್ರ.

ಗೆರೆ ಎಳೆಯುವಾಗ ಬೆರಳಲ್ಲ, ಮುಂಗೈ ಪೂರ್ತಿ ಚಲಿಸಬೇಕು. ಕಿರುಬೆರಳನ್ನು ಹಲಗೆಗೆ ಊರಿ, ಅದರ ಕೆಳಗೆ ಒಂದು ಕಾಗದದ ಚೂರು ಇಟ್ಟುಕೊಳ್ಳಿ. ಹಲಗೆಯನ್ನೇ ತಿರುಗಿಸಿಕೊಳ್ಳಿ, ಕೈಯನ್ನು ಸೊಟ್ಟ ಮಾಡಬೇಡಿ. ಮಧ್ಯದಲ್ಲಿ ನಿಲ್ಲಿಸಿದರೆ ಅಲ್ಲೊಂದು ಗಂಟು ಬೀಳುತ್ತದೆ.

ಕಣ್ಣು ಎಲ್ಲಕ್ಕಿಂತ ಕೊನೆಗೆ. ಮೊದಲು ರದ್ದಿ ಕಾಗದದಲ್ಲಿ ಹತ್ತು ಜೊತೆ ಬರೆಯಿರಿ, ಆಮೇಲೆ ಎಲೆಯ ಮೇಲಿನ ಮೀನಿಗೆ ಕಣ್ಣಿಡಿ. ಎರಡೂ ಗುಡ್ಡೆಗಳನ್ನು ಒಂದೇ ಉಸಿರಿನಲ್ಲಿ ಇಡಿ. ಒಂದನ್ನು ಇವತ್ತು, ಇನ್ನೊಂದನ್ನು ನಾಳೆ ಇಟ್ಟರೆ ನೋಟ ಕೂಡುವುದಿಲ್ಲ. ಕೈ ನಡುಗುವ ದಿನ, ಮನೆಯಲ್ಲಿ ನೆಂಟರಿರುವ ದಿನ ಈ ಕೆಲಸ ಬೇಡ.

7. ಮೆರುಗು ಮತ್ತು ಚೌಕಟ್ಟು

ಚಿತ್ರಕ್ಕೆ ವಾರ್ನಿಷ್ ಬಳಿಯಬೇಡಿ. ನೀರು ಬೆರೆತ ವಾರ್ನಿಷನ್ನು ಕುಂಚದಲ್ಲಿ ಬಳಿದರೆ ಗೋಂದಿನ ಬಣ್ಣವೆಲ್ಲ ಕಲಸಿಹೋಗುತ್ತದೆ. ಹಾಗೆ ಆದದ್ದನ್ನು ಸರಿಮಾಡಲು ದಾರಿ ಇಲ್ಲ. ಗಾಜು ಹಾಕಿಸಿ. ಆದರೆ ಗಾಜು ಚಿತ್ರಕ್ಕೆ ತಾಗಬಾರದು, ನಡುವೆ ಮೌಂಟ್ ಅಂದರೆ ದಪ್ಪ ರಟ್ಟಿನ ಅಂಚು ಕೇಳಿ ಹಾಕಿಸಿಕೊಳ್ಳಿ. ತಾಗಿದರೆ ಮಳೆಗಾಲದ ತೇವಕ್ಕೆ ಬಣ್ಣ ಗಾಜಿಗೆ ಅಂಟುತ್ತದೆ. ಒಮ್ಮೆ ನಾನು ಕಟ್ಟು ಹಾಕಲು ಕೊಟ್ಟಲ್ಲಿ ಮೌಂಟ್ ಇಲ್ಲದೆಯೇ ಕಟ್ಟಿಕೊಟ್ಟರು, ನಾನೂ ನೋಡಲಿಲ್ಲ. ಮುಂದಿನ ಆಗಸ್ಟ್‌ನಲ್ಲಿ ಬಿಚ್ಚಿದಾಗ ಸರಸ್ವತಿಯ ವೀಣೆ ಗಾಜಿನ ಜೊತೆ ಬಂತು.

ಗಂಜೀಫಾ ಎಲೆ ಕೈಯಲ್ಲಿ ಆಡುವ ವಸ್ತು. ಅದಕ್ಕೆ ಗಾಜು ಆಗುವುದಿಲ್ಲ, ಮೆರುಗು ಬೇಕು. ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿದ ಪಾಲಿಶ್, ಮರಗೆಲಸದವರು ಬಳಸುತ್ತಾರಲ್ಲ, ಅದೇ ಸಾಕು. ಒಂದೇ ದಿಕ್ಕಿನಲ್ಲಿ ಬೇಗ ಸವರಿ, ಮತ್ತೆ ಮತ್ತೆ ತಿಕ್ಕಬೇಡಿ. ಬೆಂಕಿ ಹತ್ತಿರ ಬೇಡ, ಕಿಟಕಿ ತೆರೆದಿರಲಿ. ಬಿಳಿ ಬಣ್ಣ ಸ್ವಲ್ಪ ಜೇನಿನ ಬಣ್ಣಕ್ಕೆ ತಿರುಗುತ್ತದೆ, ಅದು ಚೆನ್ನಾಗಿಯೇ ಕಾಣುತ್ತದೆ.

ಕುಂಕುಮದ ಭರಣಿ, ಸಣ್ಣ ಪೆಟ್ಟಿಗೆಗಳ ಮೇಲೂ ಇದೇ ಕೆಲಸ ಮಾಡಬಹುದಾ ಅಂತ ಕೇಳುವವರಿದ್ದಾರೆ. ಮಾಡಬಹುದು, ಎರಡು ಬದಲಾವಣೆ ಸಾಕು. ದಿನಾ ಕೈ ತಾಗುವ ವಸ್ತುವಿಗೆ ಗೋಂದಿನ ಜೆಸ್ಸೊ ನಿಲ್ಲುವುದಿಲ್ಲ, ಒದ್ದೆ ಕೈ ತಾಗಿದರೆ ಕರಗುತ್ತದೆ. ಗೋಂದಿನ ಬದಲು ಫೆವಿಕಾಲ್ ಹಾಕಿ ಜೆಸ್ಸೊ ಮಾಡಿ. ಇನ್ನೊಂದು, ಚನ್ನಪಟ್ಟಣದ ಡಬ್ಬಿ ಕೊಳ್ಳುವಾಗ ಅರಗು ಹಚ್ಚದ ಬರಿ ಮರದ್ದನ್ನೇ ಕೇಳಿ. ಅರಗಿನ ನುಣುಪಿನ ಮೇಲೆ ಏನೂ ಹಿಡಿಯುವುದಿಲ್ಲ.

ದಿನದ ಲೆಕ್ಕ ಕೇಳಿದಿರಲ್ಲ. ದಿನಕ್ಕೆ ಒಂದೂವರೆ ಗಂಟೆ ಕೂತರೆ ನನಗೆ 8×10ರ ಚಿತ್ರಕ್ಕೆ ಹದಿನೈದು ದಿನ ಹಿಡಿಯುತ್ತದೆ. ಅದರಲ್ಲಿ ಐದಾರು ದಿನ ಒಣಗಿಸುವುದಕ್ಕೇ ಹೋಗುತ್ತದೆ. ನಿಮ್ಮ ಮೊದಲನೆಯದಕ್ಕೆ ಒಂದು ತಿಂಗಳು ಇಟ್ಟುಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿ, ಮಲೆನಾಡಿನವರು ಗೆರೆಯ ಅಭ್ಯಾಸ ಮಾಡಿಕೊಂಡಿರುವುದೇ ವಾಸಿ. ಗೋಂದಿಗೆ ಬೂಸ್ಟು ಹಿಡಿಯುತ್ತದೆ, ಜೆಸ್ಸೊ ಒಣಗುವುದೇ ಇಲ್ಲ.

ಮುಗಿದ ಚಿತ್ರವನ್ನು ಹೊರಗೋಡೆಗೆ ತೂಗುಹಾಕಬೇಡಿ, ತೇವ ಬರುತ್ತದೆ. ದೇವರ ಮನೆಯಲ್ಲಿ ಇಡುವುದಾದರೆ ದೀಪದ ಹೊಗೆ ತಾಗದಷ್ಟು ದೂರವಿರಲಿ. ಚೌಕಟ್ಟು ಹಾಕಿಸುವ ಮೊದಲು ಹಲಗೆಯ ಹಿಂದೆ ಪೆನ್ಸಿಲ್‌ನಲ್ಲಿ ಇಷ್ಟು ಬರೆದಿಡಿ: ಯಾವ ತಿಂಗಳು, ಜೆಸ್ಸೊಗೆ ಎಷ್ಟು ಚಮಚ ಪುಡಿ, ಎಷ್ಟು ಗೋಂದು, ರೇಕು ಇಡಲು ಎಷ್ಟು ನಿಮಿಷ ಕಾದಿರಿ. ಆ ಗಂಜೀಫಾ ಎಲೆಯನ್ನೂ ಅಲ್ಲೇ ಒಂದು ಲಕೋಟೆಯಲ್ಲಿ ಹಾಕಿ ಅಂಟಿಸಿ. ಮುಂದೊಂದು ದಿನ ಚಿತ್ರದ ಚಿನ್ನ ಎಲ್ಲಾದರೂ ಎದ್ದರೆ, ತೇಪೆ ಹಾಕುವ ಮೊದಲು ಹದ ನೋಡಲು ಅದೇ ಬೇಕಾಗುತ್ತದೆ.